ಮೂವತ್ತೊಂದು ಪಾಯಿಂಟ್ ನಾಲ್ಕು ವೋಲ್ಟ್

2025ರ ಮಾರ್ಚ್ 11, ಮಂಗಳವಾರ. ಸಂಜೆ 4.40ಕ್ಕೆ ಹುಲಿಕಲ್ಲಿನ ಮಾಸ್ತಪ್ಪ ನಗರ ಎಂಬ ಊರಿನ ಪೊಲೀಸ್ ಠಾಣೆಗೆ ಬಂದ. ಅರವತ್ತಾರು ವರ್ಷದ ನಿವೃತ್ತ ಲೈನ್‌ಮ್ಯಾನ್. ಘಟ್ಟದ ಕಂಬಗಳನ್ನೆಲ್ಲ ಹತ್ತಿ ಇಳಿದ ಮನುಷ್ಯ ಅಂದು ಠಾಣೆಯ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿದುಕೊಂಡ.

"ನನ್ ಹೆಂಡ್ತಿ ಸತ್ಲು ಮೇಡಂ. ಮಧ್ಯಾಹ್ನ ಆಕ್ಸಿಜನ್ ಮಷೀನು ಸುಟ್ಟೋತು. ಹೊಸನಗರದ ಜಟ್ಟಿಂಗಪ್ಪ ಮಾಡ್ಕೊಟ್ಟ ಪವರ್ ಬಾಕ್ಸು. ಅವನೇ ಕೊಂದ."

ಪಿಎಸ್‌ಐ ಕವನಾ ದೂರು ಬರೆದುಕೊಂಡಳು. ಮಾಸ್ತಪ್ಪನ ಹೆಂಡತಿ ಬೆಳ್ಳಮ್ಮನಿಗೆ ಶ್ವಾಸಕೋಶ ಸೋತು ಎರಡು ವರ್ಷ. ಮನೆ ಲೈನಿನ ತುದಿಯಲ್ಲಿತ್ತು. ಬೇಸಿಗೆಯಲ್ಲಿ ಪಂಪುಗಳು ಶುರುವಾದರೆ 230 ವೋಲ್ಟ್ ಇರಬೇಕಾದ ಕರೆಂಟು 150ಕ್ಕೆ ಇಳಿಯುತ್ತಿತ್ತು. ಅದಕ್ಕೇ ನಾಲ್ಕು ತಿಂಗಳ ಹಿಂದೆ ಈ ಬಾಕ್ಸು ಮಾಡಿಸಿದ್ದು. ಎಷ್ಟೇ ಕರೆಂಟು ಬರಲಿ, ಅದು ಮಷೀನಿಗೆ ಇಪ್ಪತ್ತನಾಲ್ಕು ವೋಲ್ಟ್ ಮಾತ್ರ ಕೊಡಬೇಕು. ಮಷೀನಿನ ಸ್ವಂತ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು.

ನಿರ್ಲಕ್ಷ್ಯದಿಂದ ಸಾವು, ನ್ಯಾಯ ಸಂಹಿತೆ ಕಲಂ 106. ಎಫ್‌ಐಆರ್‌ನ ಆರೋಪಿಯ ಅಂಕಣದಲ್ಲಿ ಕವನಾ ಜಟ್ಟಿಂಗಪ್ಪನ ಹೆಸರು ಬರೆದಳು. 6.10ಕ್ಕೆ ಹೆಡ್ ಕಾನ್‌ಸ್ಟೆಬಲ್ ಮಹಾಗಣಪತಿಯ ಜೊತೆ ಹುಲಿಕಲ್ಲಿಗೆ ಹೋಗಿ ಪಂಚನಾಮೆ ಮಾಡಿದಳು. ಮಂಚ, ಸುಟ್ಟ ವಾಸನೆಯ ಮಷೀನು, ಪವರ್ ಬಾಕ್ಸು, ಕಿಟಕಿಯ ಮೇಲೆ ಸ್ಕ್ರೂಡ್ರೈವರ್ ಒಂದು, ಕೆಂಪು ಪೇಂಟಿನ ಸಣ್ಣ ಡಬ್ಬಿ ಒಂದು. ಕಂಡದ್ದನ್ನೆಲ್ಲ ಹೇಳುತ್ತ ಹೋದಳು, ಮಹಾಗಣಪತಿ ಬರೆಯುತ್ತ ಹೋದ.

ಬುಧವಾರ ಬೆಳಗಾಗುವ ಹೊತ್ತಿಗೆ ಯಾರೋ ಜಟ್ಟಿಂಗಪ್ಪನ ರಿಪೇರಿ ಅಂಗಡಿಯ ಗಾಜು ಒಡೆದಿದ್ದರು. ಎಫ್‌ಐಆರ್‌ನಲ್ಲಿ ಹೆಸರು ಬಂದರೆ ಸಾಕು, ಊರಿಗೆ ಕೋರ್ಟು ಬೇಕಾಗುವುದಿಲ್ಲ. ಆ ಹೆಸರು ಬರೆದ ಕೈ ತನ್ನದೇ ಎಂಬುದು ಕವನಾಳಿಗೆ ಚುಚ್ಚುತ್ತಿತ್ತು. 10.30ಕ್ಕೆ ಅವನನ್ನು ಕರೆಸಿ ಕೂರಿಸಿದಳು.

"ಎಷ್ಟಕ್ಕೆ ಸೆಟ್ ಮಾಡಿದ್ದೆ?"

"ಇಪ್ಪತ್ನಾಲ್ಕು."

"ಜಾಸ್ತಿ ಆಗಿದ್ದು ಹೇಗೆ?"

"ತನ್ನಷ್ಟಕ್ಕೇ ಆಗಲ್ಲ ಮೇಡಂ. ಒಳಗೊಂದು ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗ್ತಿರ್ತದೆ. ಹೊರಗೆ ಹೋಗೋ ವೋಲ್ಟೇಜನ್ನ ಒಂದು ಐಸಿ, ಸಣ್ಣ ಚಿಪ್ಪು, ಕಾಯ್ತಿರ್ತದೆ. ಕಮ್ಮಿ ಆತು ಅಂತ ವರದಿ ಹೋದ್ರೆ ಸ್ವಿಚ್ಚು ಜಾಸ್ತಿ ಹೊತ್ತು ಆನ್, ಜಾಸ್ತಿ ಆತು ಅಂದ್ರೆ ಕಮ್ಮಿ ಹೊತ್ತು. ಎಷ್ಟಕ್ಕೆ ನಿಲ್ಲಬೇಕು ಅಂತ ಹೇಳೋದು ಒಂದು ಸಣ್ಣ ಸ್ಕ್ರೂ. ಅದನ್ನ ಸೆಟ್ ಮಾಡಿ, ಯಾರೂ ಮುಟ್ಟಬಾರ್ದು ಅಂತ ಒಂದು ಹನಿ ನೈಲ್ ಪಾಲಿಶ್ ಹಾಕಿ ಸೀಲ್ ಮಾಡ್ತೀನಿ. ಮಗಳದ್ದು."

"ಸ್ಕ್ರೂ ಏರಿಸಿದ್ರೆ ಗಾಳಿ ಜಾಸ್ತಿ ಬರ್ತದಾ?"

"ಒಂಚೂರೂ ಇಲ್ಲ. ಮಷೀನು ತನಗೆ ಬೇಕಾದಷ್ಟೇ ತಗೊಳ್ತದೆ. ಮಿತಿ ದಾಟಿದ್ರೆ ಸುಡ್ತದೆ, ಅಷ್ಟೇ."

ಈ ಹೇಳಿಕೆಗೆ ಅವನ ಸಹಿ ಪಡೆದು ಮನೆಗೆ ಕಳುಹಿಸಿದಳು. ದಸ್ತಗಿರಿ ಯಾವಾಗ ಎಂದು ಆ ದಿನ ನಾಲ್ಕು ಜನ ಫೋನ್ ಮಾಡಿ ಕೇಳಿದರು.

ಶುಕ್ರವಾರ, ಮಾರ್ಚ್ 14. ಕವನಾ, ಮಹಾಗಣಪತಿ ಬಾಕ್ಸನ್ನು ಪರೀಕ್ಷೆಗೆಂದು ಸಾಗರಕ್ಕೆ, ಎಲೆಕ್ಟ್ರಾನಿಕ್ಸ್ ಉಪನ್ಯಾಸಕ ಶ್ರೀಕರ ಅವರ ಬಳಿಗೆ ಒಯ್ದರು. ಶ್ರೀಕರ ಬಾಕ್ಸಿಗೆ 150 ವೋಲ್ಟ್ ಕೊಟ್ಟರು. ಮೀಟರು 31.4 ತೋರಿಸಿತು. 200 ಕೊಟ್ಟರೂ 31.4. 250 ಕೊಟ್ಟರೂ ಕೂದಲೆಳೆಯಷ್ಟು ಅಲುಗಲಿಲ್ಲ.

"ಕೆಟ್ಟಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ," ಎಂದರು ಶ್ರೀಕರ. "ಯಾರೋ ಇದನ್ನ ಮೂವತ್ತೊಂದಕ್ಕೆ ಏರಿಸಿದ್ದಾರೆ. ಮೊದಲಿಂದ ಇಷ್ಟೇ ಇದ್ದಿದ್ದರೆ ಮಷೀನು ನಾಲ್ಕು ತಿಂಗಳು ಉಳೀತಿರಲಿಲ್ಲ. ಬಾಕ್ಸಿನದು ತಪ್ಪಿಲ್ಲ, ಹೇಳಿದ್ದನ್ನ ಮಾಡಿದೆ."

ಮುಚ್ಚಳ ತೆಗೆದರು. ಸ್ಕ್ರೂವಿನ ಸುತ್ತ ಹೊಳೆಯುವ ಕೆಂಪಿನ ಚೂರುಗಳಿದ್ದವು. ಅವುಗಳ ಮೇಲೆ ಮಂಕಾದ, ಇಟ್ಟಿಗೆ ಬಣ್ಣದ ಇನ್ನೊಂದು ಹನಿ. ಮಹಾಗಣಪತಿ ಬಗ್ಗಿ ನೋಡಿದ.

"ಇದು ನೈಲ್ ಪಾಲಿಶ್ ಅಲ್ಲ ಮೇಡಂ. ಲೈಟು ಕಂಬಕ್ಕೆ ನಂಬರ್ ಬರೀತಾರಲ್ಲ, ಆ ಬಣ್ಣ."

ಕಿಟಕಿಯ ಮೇಲಿನ ಡಬ್ಬಿ ಕವನಾಳಿಗೆ ನೆನಪಾಯಿತು. ಅದನ್ನು ಪಂಚನಾಮೆಯಲ್ಲಿ ಬರೆಸಿದವಳು ಅವಳೇ. ಒಬ್ಬ ನಿರಪರಾಧಿ ಉಳಿದ, ಅದಕ್ಕೆ ಸಂತೋಷಪಡಬೇಕಿತ್ತು. ಅವಳಿಗೆ ಅಳು ಬಂದಂತಾಯಿತು.

ಶನಿವಾರ ಬೆಳಿಗ್ಗೆ 10.15. ಮಾಸ್ತಪ್ಪ ಜಗಲಿಯಲ್ಲಿ ಕೂತು ಆಕ್ಸಿಜನ್ ಕೊಳವೆಯನ್ನು ತೊಳೆದು ಸುತ್ತಿಡುತ್ತಿದ್ದ.

"ಬಾಕ್ಸು ಎಷ್ಟು ಸಲ ಬಿಚ್ಚಿದ್ರಿ?" ಕವನಾ ನಿಂತೇ ಕೇಳಿದಳು.

ಅವನು ಕೊಳವೆಯನ್ನು ಕೆಳಗಿಟ್ಟ. "ಮೂರು ಸಲ."

"ಯಾಕೆ?"

"ಮೂವತ್ನಾಲ್ಕು ವರ್ಷ ಅದೇ ಕೆಲ್ಸ ಮೇಡಂ. ಬಲ್ಬು ಉರಿಯಲ್ಲ, ಪಂಪು ಎತ್ತಲ್ಲ ಅಂತ ಜನ ಬಂದ್ರೆ ಟ್ರಾನ್ಸ್‌ಫಾರ್ಮರಿನ ಟ್ಯಾಪು ಒಂದು ಮೆಟ್ಲು ಏರಿಸಿ ವೋಲ್ಟೇಜು ಜಾಸ್ತಿ ಮಾಡ್ತಿದ್ದೆ. ಊರೆಲ್ಲ ಬೆಳಕಾಗ್ತಿತ್ತು. ಇವ್ಳು ಉಸಿರು ಸಾಲ್ತಿಲ್ಲ ಅಂದ್ಲು. ವೋಲ್ಟೇಜು ಸಾಲ್ತಿಲ್ಲ ಅನ್ಕಂಡೆ. ಸ್ವಲ್ಪ ತಿರುಗ್ಸಿ ಹೆಂಗದೆ ಅಂತ ಕೇಳ್ದೆ. 'ಈಗ ಹಗುರ ಆತು ನೋಡಿ' ಅಂದ್ಲು. ಇನ್ನೆರಡು ದಿನ ಬಿಟ್ಟು ಮತ್ತೆ ಮೇಲುಸಿರು. ಮತ್ತೆ ತಿರುಗ್ಸಿದೆ. ಆಗ್ಲೂ ಹಗುರ ಆತು ಅಂದ್ಲು. ಮೂರನೇ ಸಲಾನೂ ಹಂಗೇ ಅಂದ್ಲು."

"ಬಣ್ಣ ಯಾಕೆ ಹಚ್ಚಿದ್ರಿ?"

"ಸೀಲ್ ಒಡೆದ ಮೇಲೆ ಹಂಗೇ ಬಿಡಬಾರ್ದಲ್ಲ."

ಕವನಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬೆಳ್ಳಮ್ಮನಿಗೆ ಯಾವತ್ತೂ ಹಗುರವಾಗಿರಲಿಲ್ಲ. ಗಂಡನ ಮುಖ ನೋಡಲಾರದೆ ಹೇಳಿದ ಮಾತು ಅದು.

"ಇಷ್ಟೆಲ್ಲ ಗೊತ್ತಿದ್ದೂ ಜಟ್ಟಿಂಗಪ್ಪನ ಮೇಲೆ ದೂರು ಕೊಟ್ರಲ್ಲ?"

ಮಾಸ್ತಪ್ಪ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡ. "ಕೊಂದೋನು ಬೇರೆ ಯಾರಾದ್ರೂ ಆಗಿರ್ಲಿ ಅಂತ ಬಂದೆ ಮೇಡಂ."

11.40ಕ್ಕೆ ದಸ್ತಗಿರಿ. ಠಾಣೆಯಲ್ಲೇ ಜಾಮೀನು ಸಿಗುವ ಕಲಂ ಇದು ಎಂದು ಮಹಾಗಣಪತಿ ಎರಡು ಸಲ ಹೇಳಿದ. ಮಾಸ್ತಪ್ಪ ಬೇಡವೆಂದು ತಲೆಯಾಡಿಸಿ, ಬಾಗಿಲಿಗೆ ಬೀಗ ಹಾಕಿ ಜೀಪು ಹತ್ತಿದ. ಘಟ್ಟದ ತಿರುವಿನಲ್ಲಿ ಅವನು ತಾನಾಗಿಯೇ ಕೇಳಿದ:

"ನಾನು ತಿರುಗ್ಸಿದ್ದಕ್ಕೆ ಅವ್ಳಿಗೆ ಗಾಳಿ ಒಂದಿಷ್ಟಾದ್ರೂ ಜಾಸ್ತಿ ಬಂದಿರ್ತದಲ್ಲ ಮೇಡಂ?"

ಕವನಾ ರಸ್ತೆಯನ್ನೇ ನೋಡುತ್ತಿದ್ದಳು.

"ಬಂದಿರ್ತದೆ," ಎಂದಳು.

ಮಾಸ್ತಪ್ಪ ಸೀಟಿಗೆ ಒರಗಿ ಕಣ್ಣು ಮುಚ್ಚಿದ. ಕವನಾಳ ಮಡಿಲಲ್ಲಿದ್ದ ಫೈಲಿನ ನಾಲ್ಕನೇ ಪುಟದಲ್ಲಿ ಜಟ್ಟಿಂಗಪ್ಪನ ಹೇಳಿಕೆಯಿತ್ತು: ಒಂಚೂರೂ ಇಲ್ಲ. ದೋಷಾರೋಪಣ ಪಟ್ಟಿಯ ಜೊತೆ ಅದರ ಪ್ರತಿಯನ್ನೂ ಆರೋಪಿಗೆ ಕೊಡಲೇಬೇಕು. ಮಾಸ್ತಪ್ಪನಿಗೆ ಓದಲು ಬರುತ್ತಿತ್ತು.