ಮನೆಯಿಂದ ಹೊರಟ ನೀರು

"ಕೀಲಿ ಕೆಳಗಿಡು ಅಂದೆ!"

"ಇಡಲ್ಲ."

"ಒಬ್ಬರ ಜೀವ ತೆಗೆದಿದ್ದೀಯ. ಮೂವತ್ತನಾಲ್ಕು ಜನ ಆಸ್ಪತ್ರೆಯಲ್ಲಿದ್ದಾರೆ. ಇನ್ನೂ ಸಾಲದೇನೋ ನಿಂಗೆ?"

"ಹದಿನೇಳನೇ ವಾಲ್ವಿಂದ ಕೆಳಗಿನ ಓಣಿಗೆ ನೀರು ಬಿಟ್ಟೆ. ದಿನಾ ಬಿಡೋ ಹಾಗೇ ಬಿಟ್ಟೆ. ಇನ್ನೇನೂ ಮಾಡಿಲ್ಲ."

ನೀರು ಸರಬರಾಜು ಕಚೇರಿಯ ಮೊದಲ ಮಹಡಿ. ಬೆಳಗಿನ ಹತ್ತು ಗಂಟೆ. ಹಿರಿಯ ಎಂಜಿನಿಯರ್ ಸಾಹೇಬರ ಮುಖ ಕೆಂಡವಾಗಿತ್ತು. ಎದುರಿಗೆ ನೀರುಗಂಟಿ. ವಾಲ್ವ್ ತಿರುಗಿಸುವ ಎದೆಯುದ್ದದ ಕಬ್ಬಿಣದ ಕೀಲಿ ಹೆಗಲ ಮೇಲಿತ್ತು. ಮೂವತ್ತೊಂದು ವರ್ಷದಿಂದ ಆ ಹೆಗಲು, ಆ ಕೀಲಿ.

ಆ ದಿನ ಬೆಳಗಿನ ಐದು ಗಂಟೆಗೆ ಮೇಲಿನ ಓಣಿಗೂ ಕೆಳಗಿನ ಓಣಿಗೂ ನೀರು ಬಂದಿತ್ತು. ಆರಕ್ಕೆಲ್ಲ ಜನ ಗಂಟಲು ಉರಿ ಎಂದು ಬೀದಿಗೆ ಓಡಿ ಬಂದರು. ಗಡಿಯಾರ ರಿಪೇರಿಯ ತಾತ ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಕುಡಿದಿದ್ದರು. ಆಸ್ಪತ್ರೆಯ ಬಾಗಿಲಲ್ಲೇ ಪ್ರಾಣ ಬಿಟ್ಟರು.

"ಹದಿನೇಳರ ಪಕ್ಕದಲ್ಲಿ ಒಂದು ಹಳೇ ಪೈಪಿದೆ, ಚರಂಡಿಗೆ ತಾಗಿ ಮೇಲಿನ ಓಣಿಗೆ ಹೋಗೋದು," ಸಾಹೇಬರು ಪಕ್ಕದಲ್ಲಿದ್ದ ಪೊಲೀಸ್ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಈ ಮನುಷ್ಯ ಅದನ್ನೂ ತೆರೆದಿದ್ದಾನೆ. ಕೊಳಕು ಎರಡೂ ಓಣಿಗೆ ಹೋಯ್ತು. ನಕ್ಷೆ ನೋಡಿ."

ಗೋಡೆಯ ಪರದೆಯ ಮೇಲೆ ನೀಲಿ ಗೆರೆಗಳಿದ್ದವು. ಹದಿನೇಳರಿಂದ ಒಂದು ಗೆರೆ ಕೆಳಗಿನ ಓಣಿಗೆ, ಇನ್ನೊಂದು ಮೇಲಿನ ಓಣಿಗೆ.

"ಅಲ್ಲಿಂದ ಮೇಲಿನ ಓಣಿಗೆ ಪೈಪೇ ಇಲ್ಲ. ಅದಕ್ಕೆ ಬೇರೆ ವಾಲ್ವ್ ಇದೆ," ಎಂದರು ನೀರುಗಂಟಿ.

"ನಕ್ಷೆ ಸುಳ್ಳು ಹೇಳುತ್ತಾ? ನಿನ್ನ ನಾದಿನಿಯೇ ಬರೆದ ನಕ್ಷೆ!"

ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಚೇರಿಯವರೆಲ್ಲ ಆಕೆಯನ್ನು ನಕ್ಷೆಯಕ್ಕ ಎನ್ನುತ್ತಿದ್ದರು. ಊರಿನ ಪೈಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದವಳು ಅವಳೇ.

"ಆ ನಾದಿನಿ ಇಲ್ಲೇ ಕೂತಿದ್ದಾಳೆ ಸಾರ್. ಅವಳ ಬಾಯಿಗೆ ಇನ್ನೂ ಯಾರೂ ಬೀಗ ಹಾಕಿಲ್ಲ."

"ಇಪ್ಪತ್ತು ವರ್ಷ ಒಳಚರಂಡಿ ವಿಭಾಗದಲ್ಲಿ ಮಣ್ಣು ತಿಂದವನು ನಾನು. ನನಗೆ ಪೈಪಿನ ಪಾಠ ಬೇಡ."

"ಪಾಠ ಅಲ್ಲ, ಪ್ರಶ್ನೆ. ನನ್ನ ಮನೆ ಹದಿನೇಳರ ಪಕ್ಕದಲ್ಲೇ. ನಾನೂ ಬೆಳಗ್ಗೆ ಅದೇ ನೀರು ಕುಡಿದೆ. ಮತ್ತೆ ನಿಂತ್ಕೊಂಡು ಜಗಳ ಆಡ್ತಾ ಇರೋದು ಹೇಗೆ?"

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು.

"ಸಂಜೆ ಐದರ ತನಕ ಸಮಯ ಕೊಡ್ತೀನಿ ಮೇಡಂ. ಆಮೇಲೆ ನಿಮ್ಮ ಭಾವನನ್ನ ಕರ್ಕೊಂಡು ಹೋಗಲೇಬೇಕು. ಹೊರಗೆ ಜನ ಕಲ್ಲು ಹಿಡ್ಕೊಂಡು ನಿಂತಿದ್ದಾರೆ."

* * *

ನಕ್ಷೆಯ ಕೋಣೆಯಲ್ಲಿ ಒಂದು ಫ್ಯಾನು, ಎರಡು ಕಂಪ್ಯೂಟರು. ಭಾವ ಸ್ಟೂಲಿನ ಮೇಲೆ ಕೂತರು, ಇನ್ಸ್‌ಪೆಕ್ಟರ್ ಬಾಗಿಲ ಬಳಿ ನಿಂತರು. ಕೀಲಿ ಮಾತ್ರ ಹೆಗಲಿಂದ ಇಳಿಯಲಿಲ್ಲ.

"ಭಾವ, ಆ ಪೈಪು ಇಲ್ಲ ಅನ್ನೋದು ಗ್ಯಾರಂಟಿನಾ?"

"ನಿಮ್ಮಕ್ಕನ ಆಣೆ."

"ಅಕ್ಕನ ಆಣೆ ಬೇಡ. ಅವಳಿಗೆ ಗೊತ್ತಾದ್ರೆ ಆಸ್ಪತ್ರೆಗೆ ಮೂವತ್ತೈದನೆಯವರು ನೀವೇ."

ಭಾವ ನಗಲಿಲ್ಲ. "ಗಡಿಯಾರದವನು ನನ್ನ ಜೊತೆ ದಿನಾ ಟೀ ಕುಡೀತಿದ್ದ ಕಣಮ್ಮ. ಬೆಳಗ್ಗೆ ಅವನ ಸೊಸೆ ನನ್ನ ಮುಖಕ್ಕೆ ಉಗಿದಳು."

ನಕ್ಷೆಯಕ್ಕ ಹಲ್ಲು ಕಚ್ಚಿ ಪರದೆಗೆ ತಿರುಗಿದಳು. ಇನ್ಸ್‌ಪೆಕ್ಟರ್ ತಂದ ಆಸ್ಪತ್ರೆಯ ಪಟ್ಟಿಯಲ್ಲಿ ಎಲ್ಲರ ಬಾಗಿಲ ಸಂಖ್ಯೆ ಇತ್ತು. ನಕ್ಷೆಯಲ್ಲಿ ಮನೆಗಳನ್ನು ಗುರುತಿಸಿದ ಪದರದ ಮೇಲೆ ಅದನ್ನು ಕೂರಿಸಿದಳು. ಕಾಯಿಲೆ ಬಿದ್ದವರ ಮನೆಗೆಲ್ಲ ಒಂದೊಂದು ಕೆಂಪು ಚುಕ್ಕೆ ಬಿತ್ತು.

"ನೋಡಿ ಸಾರ್. ಹದಿನೇಳರ ಹತ್ತಿರ ಒಂದೇ ಒಂದು ಚುಕ್ಕೆ ಇಲ್ಲ. ವಿಷ ಅಲ್ಲಿಂದ ಬಂದಿದ್ರೆ ಮೊದಲು ಮಲಗಬೇಕಿದ್ದವಳು ನಾನು."

ಚುಕ್ಕೆಗಳು ಎರಡೂ ಓಣಿಗಳ ಕೊನೆಯಲ್ಲಿ ಇರುವೆ ಮುತ್ತಿದಂತೆ ಮುತ್ತಿದ್ದವು. ಆ ಕೊನೆಯಲ್ಲಿ ಎತ್ತರದ ಒಂದು ಗೋಡೆ. ಗೋಡೆಯಾಚೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ.

"ಟ್ಯಾಂಕರ್ ಇರಬಹುದಲ್ಲ?" ಎಂದರು ಇನ್ಸ್‌ಪೆಕ್ಟರ್. "ನಿನ್ನೆ ಊರಿನ ದೊಡ್ಡ ತೊಟ್ಟಿ ತೊಳೆಯೋಕೆ ಖಾಲಿ ಮಾಡಿದ್ರು. ಟ್ಯಾಂಕರ್‌ನಲ್ಲಿ ನೀರು ಕೊಟ್ರಂತೆ. ಆ ಚಾಲಕ ಬೆಳಗ್ಗೆಯಿಂದ ಫೋನ್ ಎತ್ತುತ್ತಿಲ್ಲ."

ಟ್ಯಾಂಕರಿಗೆ ಜಿಪಿಎಸ್ ಇತ್ತು. ಅದು ಓಡಾಡಿದ ದಾರಿಯನ್ನು ಅವಳು ನಕ್ಷೆಯ ಮೇಲೆ ಎಳೆದಳು. ಹಳದಿ ಗೆರೆ ಕೆಳಗಿನ ಓಣಿಗೆ ಹೋಗಿತ್ತು. ಮೇಲಿನ ಓಣಿಯ ಬಾಯಲ್ಲೇ ಹಿಂತಿರುಗಿತ್ತು.

"ಮೇಲಿನ ಓಣಿಯಲ್ಲಿ ಸೈಕಲ್ಲೇ ಉಸಿರು ಬಿಗಿ ಹಿಡ್ಕೊಂಡು ಹೋಗಬೇಕು," ಎಂದಳು. "ಆದ್ರೂ ಅಲ್ಲಿ ಹದಿನಾರು ಜನ ಮಲಗಿದ್ದಾರೆ. ಚಾಲಕ ಹೆದರಿ ಅಡಗಿದ್ದಾನೆ, ಅಷ್ಟೇ."

* * *

ಮೂರು ಗಂಟೆ. ಹದಿನೇಳರಿಂದ ಮೇಲಿನ ಓಣಿಗೆ ಹೋಗುವ ಗೆರೆ ಅವಳನ್ನು ಅಣಕಿಸುತ್ತಿತ್ತು. ಅದನ್ನು ಎಳೆದ ನೆನಪೇ ಇಲ್ಲ. ಆದರೆ ಗೆರೆಯ ದಾಖಲೆಯಲ್ಲಿ ಅವಳದೇ ಹೆಸರಿತ್ತು. ಸಮಯ, ಅದೇ ದಿನ ಬೆಳಗ್ಗೆ ಆರೂ ನಲವತ್ತು.

ಇನ್ಸ್‌ಪೆಕ್ಟರ್ ಬಗ್ಗಿ ಓದಿದರು. "ಆರೂ ನಲವತ್ತಕ್ಕೆ ನೀವು ನನ್ನ ಜೀಪಲ್ಲಿ ತಾತನ ತಲೆ ತೊಡೆ ಮೇಲೆ ಇಟ್ಕೊಂಡಿದ್ರಿ."

"ಹಾಗಾದ್ರೆ ನನ್ನ ಹೆಸರಲ್ಲಿ ಯಾರೋ ಒಳಗೆ ಹೊಕ್ಕಿದ್ದಾರೆ. ಎಲ್ಲರ ಪಾಸ್‌ವರ್ಡೂ ಲಕೋಟೆಯಲ್ಲಿ ಬರೆದು ಕೊಡಿ ಅಂತ ಸಾಹೇಬರ ಆಜ್ಞೆ. ಲಕೋಟೆ ಇರೋದು ಅವರ ಕಪಾಟಲ್ಲಿ. ಕಪಾಟಿನ ಕೀಲಿಕೈ ಯಾರ್ಯಾರ ಹತ್ತಿರ ಇದೆಯೋ ಗೊತ್ತಿಲ್ಲ."

"ಅಷ್ಟು ಸಾಲಲ್ಲ ಮೇಡಂ."

ಅವಳು ಒಂದು ಗುಂಡಿ ಒತ್ತಿದಳು. ಪ್ರತಿ ಗೆರೆಯ ಮೇಲೂ ಬಾಣ ಮೂಡಿತು. ಗೆರೆ ಎಳೆಯಲು ಶುರು ಮಾಡಿದ ತುದಿಯಿಂದ ಮುಗಿಸಿದ ತುದಿಗೆ ಬಾಣ. ಸಾವಿರಾರು ಬಾಣಗಳು ದೊಡ್ಡ ತೊಟ್ಟಿಯಿಂದ ಹೊರಟು ವಾಲ್ವಿಗೆ, ವಾಲ್ವಿನಿಂದ ಮನೆಗೆ ಓಡುತ್ತಿದ್ದವು. ಒಂದೇ ಒಂದು ಬಾಣ ತಿರುಗಿ ನಿಂತಿತ್ತು. ಅದು ಮೇಲಿನ ಓಣಿಯ ಮನೆಗಳಿಂದ ಹದಿನೇಳರ ಕಡೆಗೆ.

"ಇದೇನು, ನೀರು ಮನೆಯಿಂದ ತೊಟ್ಟಿಗೆ ಹೋಗುತ್ತಾ?" ಇನ್ಸ್‌ಪೆಕ್ಟರ್ ಕಣ್ಣು ಕಿರಿದಾಯಿತು.

ನಕ್ಷೆಯಕ್ಕ ನಿಧಾನವಾಗಿ ಕುರ್ಚಿಗೆ ಒರಗಿದಳು.

"ಹೋಗಲ್ಲ. ಕೊಳಕು ನೀರು ಮಾತ್ರ ಮನೆಯಿಂದ ಹೊರಡೋದು. ಚರಂಡಿಯವರು ಮಾತ್ರ ಗೆರೆಯನ್ನ ಮನೆಯಿಂದ ಶುರು ಮಾಡ್ತಾರೆ. ಅದು ಕೈಯ ಅಭ್ಯಾಸ ಸಾರ್. ಎಷ್ಟು ವರ್ಷ ಆದ್ರೂ ಬಿಡಲ್ಲ. ಈ ಕಚೇರಿಯಲ್ಲಿ ಚರಂಡಿ ವಿಭಾಗದಿಂದ ಬಂದವರು ಒಬ್ಬರೇ."

ಭಾವ ಎದ್ದು ನಿಂತರು. "ನಡಿ. ನೆಲ ಅಗೆಯೋಣ."

* * *

ಮೊದಲು ಹದಿನೇಳರ ಬಳಿ, ನಕ್ಷೆಯಲ್ಲಿ ಗೆರೆ ಇದ್ದ ಕಡೆ ಅಗೆದರು. ಸೊಂಟಮಟ್ಟದ ಗುಂಡಿ. ಗಟ್ಟಿ ಮಣ್ಣು, ಮರದ ಬೇರು. ಪೈಪಿಲ್ಲ.

ಆಮೇಲೆ ಕಾರ್ಖಾನೆಯ ಗೋಡೆಯ ಬುಡ. ಮೊಳದಾಳದಲ್ಲೇ ಸಲಿಕೆ ಟಣ್ ಎಂದಿತು. ಹೊಚ್ಚಹೊಸ ಪೈಪು. ಒಂದು ಕವಲು ಮೇಲಿನ ಓಣಿಯ ಕೊನೆಗೆ, ಇನ್ನೊಂದು ಕೆಳಗಿನ ಓಣಿಯ ಕೊನೆಗೆ. ಎರಡೂ ಕೂಡಿ ಗೋಡೆಯಾಚೆ.

"ಎರಡು ಓಣಿಯ ನೀರನ್ನೂ ಹೀರ್ತಿದ್ರು," ಎಂದರು ಭಾವ. "ಹೋದ ತಿಂಗಳು ಸಾಹೇಬರು ನನ್ನನ್ನ ಒಂದು ವಾರ ಪಂಪ್‌ಹೌಸಿಗೆ ಹಾಕಿದ್ರು. ಈಗ ಗೊತ್ತಾಯ್ತು ಯಾಕೆ ಅಂತ."

ಜನ ಸುತ್ತ ಸೇರಿದ್ದರು. ಸಾಹೇಬರೂ ಬಂದರು, ಜೊತೆಗೆ ನೀರು ಮಂಡಳಿಯ ಅಧ್ಯಕ್ಷೆ.

"ಇದು ಯಾರೋ ಕಳ್ಳರ ಕೆಲಸ. ನನಗೇನು ಗೊತ್ತು?" ಎಂದರು ಸಾಹೇಬರು.

"ಈ ಕಾರ್ಖಾನೆ ನಿಮ್ಮ ಬೀಗರದು, ಊರಿಗೇ ಗೊತ್ತು," ನಕ್ಷೆಯಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಕದ್ದು ಪೈಪು ಕೊಟ್ರಿ. ನೀರು ಹಿಂದಕ್ಕೆ ಬಾರದ ಹಾಗೆ ತಡೆಯೋ ವಾಲ್ವ್ ಕೂಡ ಹಾಕಿಸಲಿಲ್ಲ. ನಿನ್ನೆ ತೊಟ್ಟಿ ಖಾಲಿ ಆಯ್ತು, ಪೈಪುಗಳಲ್ಲಿ ಒತ್ತಡ ಕಡಿಮೆ ಆಯ್ತು. ಆಗ ಕಾರ್ಖಾನೆಯ ಬಾನಿಯಿಂದ ಬಟ್ಟೆಯ ಬಣ್ಣ ತೆಗೆಯೋ ರಾಸಾಯನಿಕ ನಮ್ಮ ಪೈಪಿಗೆ ಹಿಂದಕ್ಕೆ ಹರಿದು ಬಂತು. ಅದಕ್ಕೆ ಬಣ್ಣ ಇಲ್ಲ, ಯಾರಿಗೂ ಕಾಣಲಿಲ್ಲ. ಸುದ್ದಿ ಕೇಳಿದ ತಕ್ಷಣ ನಿಮಗೆ ಗೊತ್ತಾಯ್ತು. ಕಚೇರಿಗೆ ಓಡಿ, ಎರಡು ಓಣಿಗೂ ಒಂದೇ ವಾಲ್ವ್ ಅನ್ನೋ ಹಾಗೆ ನನ್ನ ಹೆಸರಲ್ಲಿ ಗೆರೆ ಎಳೆದ್ರಿ. ಆದ್ರೆ ಕೈ ಮನೆಯಿಂದ ಶುರು ಮಾಡ್ತು."

"ನಿನ್ನ ಭಾವನನ್ನ ಉಳಿಸೋಕೆ ಕಥೆ ಕಟ್ತೀಯಾ?"

"ಕಥೆ ಅಲ್ಲ. ಗುಂಡಿ ಇದೆ, ಇಳಿದು ನೋಡಿ. ಬೇಕಿದ್ರೆ ಒಂದು ಲೋಟ ಕುಡಿದೂ ನೋಡಿ."

ಸಾಹೇಬ ಹಿಂದೆ ಸರಿದ. ಗಡಿಯಾರದ ತಾತನ ಸೊಸೆ ದಾರಿಗೆ ಅಡ್ಡ ನಿಂತಿದ್ದಳು. ಆಕೆಯ ಮುಖ ನೋಡಿದ್ದೇ ತಡ, ಅವನ ಬಾಯಿ ತೆರೆಯಿತು.

"ಬೀಗರು... ಬರೀ ಬಟ್ಟೆ ತೊಳೆಯೋಕೆ ನೀರು ಅಂದ್ರು. ಮಗಳ ಮನೆ ಅಂತ ಕೊಟ್ಟೆ..."

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದರು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

* * *

ಅದೇ ಸಂಜೆ, ಅದೇ ಮೊದಲ ಮಹಡಿ. ಸಾಹೇಬನ ಕುರ್ಚಿಯಲ್ಲಿ ಅಧ್ಯಕ್ಷೆ ಕೂತಿದ್ದರು. ಎದುರಿಗೆ ಭಾವ, ಪಕ್ಕದಲ್ಲಿ ನಕ್ಷೆಯಕ್ಕ.

"ಆಗಿದ್ದು ಆಗೋಯ್ತು. ಪತ್ರಿಕೆಯವರಿಗೆ ತಾಂತ್ರಿಕ ದೋಷ ಅಂತ ಹೇಳೋಣ. ನೀನು ನಾಳೆ ಬೆಳಗ್ಗೆ ಕೆಲಸಕ್ಕೆ ಬಾ. ಕೀಲಿ ನಿನ್ನ ಹತ್ರಾನೇ ಇರಲಿ."

"ತಾಂತ್ರಿಕ ದೋಷ ಅಂತ ನೀವು ಹೇಳಿ," ಎಂದಳು ನಕ್ಷೆಯಕ್ಕ. "ಬಾಣ ಇರೋ ನಕ್ಷೆ ನಾನು ಆಗಲೇ ಪೊಲೀಸರಿಗೆ ಕೊಟ್ಟಾಗಿದೆ. ಓಣಿಯ ಗೋಡೆಗೂ ಅಂಟಿಸಿ ಬಂದಿದ್ದೀನಿ."

ಅಧ್ಯಕ್ಷೆಯ ಮುಖ ಕಪ್ಪಿಟ್ಟಿತು. ಭಾವ ಬೆಳಗ್ಗೆಯಿಂದ ಇಳಿಯದ ಕೀಲಿಯನ್ನು ಹೆಗಲಿಂದ ಇಳಿಸಿ ಮೇಜಿನ ಮೇಲಿಟ್ಟರು. ಮೇಜಿನ ಗಾಜು ಉದ್ದಕ್ಕೂ ಸೀಳಿತು.

"ನಾನು ಈ ಕೀಲಿ ತಿರುಗಿಸಿದ್ರೆ ಜನ ಕಣ್ಣು ಮುಚ್ಚಿ ಲೋಟ ಹಿಡೀತಿದ್ರು ತಾಯಿ. ಆ ನಂಬಿಕೆಯನ್ನ ಬೆಳಗ್ಗೆ ಎಲ್ಲರೆದುರು ಕಿತ್ಕೊಂಡ್ರಿ. ಈಗ ಬರೀ ಕಬ್ಬಿಣ ವಾಪಸ್ ಕೊಡ್ತೀರಾ?"

"ಏಯ್, ಎಲ್ಲಿಗೆ? ನಾಳೆ ಐದಕ್ಕೆ ನೀರು ಬಿಡೋರು ಯಾರು?"

"ನೀವೇ ಬಿಡಿ. ಮೊದಲ ಲೋಟ ನೀವೇ ಕುಡೀರಿ."

ಮೆಟ್ಟಿಲ ಮೇಲೆ ಭಾವನ ಹೆಜ್ಜೆ ಸದ್ದು ಇಳಿಯುತ್ತಾ ಹೋಯಿತು. ನಕ್ಷೆಯಕ್ಕ ಕಿಟಕಿಗೆ ಬಂದು ನೋಡಿದಳು. ಭಾರವಿಲ್ಲದ ಬಲ ಹೆಗಲು ಒಂದು ಕಡೆಗೆ ವಾಲಿತ್ತು. ಗೇಟು ದಾಟಿದರು. ತಿರುಗಿ ನೋಡಲಿಲ್ಲ.

ಆ ಗೇಟಿನೊಳಗೆ ಅವರು ಮತ್ತೆ ಕಾಲಿಡಲಿಲ್ಲ.