ಮೂರನೆಯ ಶನಿವಾರದ ಟ್ರಂಕು

ನಾಗೇಂದ್ರಪ್ಪ ನನ್ನನ್ನು ನೋಡಿ ನಕ್ಕ. ನಾನು ಮುಖ ತಿರುಗಿಸಿ, ಅವನ ಅಂಗಡಿಯ ಮೂಲೆಯಲ್ಲಿದ್ದ ತುಕ್ಕು ಹಿಡಿದ ಬಾವಿ ರಾಟೆಯನ್ನು ನೋಡತೊಡಗಿದೆ.

ಅವನ ನಗು ಅರ್ಧಕ್ಕೇ ನಿಂತಿರಬೇಕು. ನನಗೇನು ರಾಟೆಯ ಮೇಲೆ ಪ್ರೀತಿ ಉಕ್ಕುತ್ತಿತ್ತೆ? ಆದರೆ ಪಕ್ಕದಲ್ಲೇ ಅಪ್ಪ ನಿಂತಿದ್ದ, ಅವನ ಹಿಂದೆ ಅವ್ವ, ಅವ್ವನ ಹಿಂದೆ ಅಪ್ಪನ ತಂಗಿ ಮಹಾದೇವಮ್ಮ ಅತ್ತೆ. ನಮ್ಮ ಮನೆಯವರು ಪೇಟೆಗೆ ಬಂದರೆ ಬೇಕಾದದ್ದನ್ನು ನೋಡುವುದಿಲ್ಲ.

ಇದು ಅಪ್ಪನ ನಿಯಮ. ಹಳೆಯ ಸಾಮಾನು ಕೊಳ್ಳುವಾಗ ಬೇಕಾದ ವಸ್ತುವಿನ ಮೇಲೆ ಕಣ್ಣು ಬೀಳಬಾರದು. ಬೇಡವಾದದ್ದರ ದರ ಕೇಳಬೇಕು, ಮುಖ ಸಿಂಡರಿಸಬೇಕು, ಎದ್ದು ಹೋಗಬೇಕು. ಹೀಗೆ ಎರಡು ಸಲ ಹೋಗಿ ಮೂರನೇ ಸಲ ಬಂದಾಗ ಮಾರುವವನೇ ಬೇಸತ್ತು, ತಗೊಂಡು ಹೋಗ್ರಿ ಅನ್ನುತ್ತಾನೆ. ಚಿಕ್ಕವಳಿದ್ದಾಗ ನಾನೊಮ್ಮೆ ಹಸಿರು ಬಳೆಗಳ ಕಡೆ ಬೆರಳು ತೋರಿಸಿದ್ದಕ್ಕೆ ಅಪ್ಪ ಊರು ಮುಟ್ಟುವವರೆಗೂ ನನ್ನ ಜೊತೆ ಮಾತಾಡಿರಲಿಲ್ಲ. ನಾನು ಈಗ ಹೇಳುತ್ತಿರುವ ವರ್ಷ ಮೊದಲ ಸಲ ವೋಟು ಬಂದು, ನಿಂತವರಿಗೆಲ್ಲ ಒಂದೊಂದು ಪೆಟ್ಟಿಗೆ ಇಟ್ಟಿದ್ದರಲ್ಲ, ಆಗಲೂ ಅಪ್ಪ ಬೇರೆ ಪೆಟ್ಟಿಗೆಗಳನ್ನೆಲ್ಲ ನೋಡಿಯೇ ತನ್ನ ಪೆಟ್ಟಿಗೆಗೆ ಚೀಟಿ ಹಾಕಿರಬೇಕು ಅಂತ ಅವ್ವ ಚೇಷ್ಟೆ ಮಾಡುತ್ತಿದ್ದಳು.

ವಾಡಿ ಸ್ಟೇಷನ್ನಿನ ಹೊರಗೆ, ಬೇವಿನ ಮರಗಳ ಕೆಳಗೆ ಶನಿವಾರ ಶನಿವಾರ ಹಳೇ ಸಾಮಾನಿನ ಬಜಾರ ಕೂಡುತ್ತಿತ್ತು. ವರ್ಗವಾಗಿ ಹೋಗುವ ರೈಲ್ವೆಯವರು ಮಂಚ, ಕುರ್ಚಿ, ಕಂದೀಲು ಎಲ್ಲ ಮಾರಿ ಹೋಗುತ್ತಿದ್ದರು. ಅವನ್ನು ಕೊಂಡು, ರಿಪೇರಿ ಮಾಡಿ, ಗೋಣಿತಟ್ಟಿನ ಮೇಲೆ ಹರಡಿಕೊಂಡು ಮಾರುವವರಲ್ಲಿ ನಾಗೇಂದ್ರಪ್ಪನೂ ಒಬ್ಬ. ಊರು ನಾಲವಾರ. ತಂದೆತಾಯಿ ಇಲ್ಲ, ಮನೆಯಲ್ಲಿ ಅಜ್ಜಿ ಒಬ್ಬಳೇ. ಜನ, ಮಠ, ದೇವರು ಎಲ್ಲ ನಮ್ಮದೇ. ಸಂಬಂಧಕ್ಕೆ ಅಡ್ಡಿ ಏನಿತ್ತು ಅಂದರೆ ಏನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಹಿಂದಿನ ವರ್ಷ ಅಪ್ಪ ಇವನ ಹತ್ತಿರ ಒಂದು ಗೋಡೆ ಗಡಿಯಾರ ಕೊಂಡಿದ್ದ. ರಾವೂರಿನ ನಮ್ಮ ಪಡಸಾಲೆಯಲ್ಲಿ ಅದು ಹದಿನೈದು ದಿನ ಓಡಿ ನಿಂತಿತು. ರಿಪೇರಿಗೆ ಬಂದ ನಾಗೇಂದ್ರಪ್ಪನಿಗೆ ನಾನು ತಂಬಿಗೆಯಲ್ಲಿ ನೀರು ತಂದು ಹಿಡಿದೆ.

"ಗಡಿಯಾರಕ್ಕ ನೀರು ಬ್ಯಾಡ್ರಿ," ಅಂದ ಸ್ಟೂಲಿನ ಮೇಲಿಂದ.

"ಗಡಿಯಾರಕ್ಕಲ್ಲ, ನಿಮಗ ತಂದೀನಿ."

ಅವನು ಕೆಳಗೆ ನೋಡಿದ. ಹುಬ್ಬಿನ ಮೇಲೆ ಎಣ್ಣೆಯ ಕಲೆ ಇತ್ತು. ನೀರು ಕುಡಿಯುವಾಗಲೂ ಕಣ್ಣು ತಂಬಿಗೆಯ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿತ್ತು. ನನಗೆ ಆವತ್ತು ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಮೊದಲ ಸಲ ಗಡಿಯಾರ ತಾನಾಗಿಯೇ ನಿಂತದ್ದು. ಆಮೇಲಿನದೆಲ್ಲ ನನ್ನ ಬೆರಳಿನ ಕೆಲಸ. ಬುಧವಾರ ಅಪ್ಪ ಹೊಲಕ್ಕೆ ಹೋದ ಮೇಲೆ ತೂಗುವ ಗುಂಡನ್ನು ಮೆಲ್ಲಗೆ ಹಿಡಿದು ನಿಲ್ಲಿಸುತ್ತಿದ್ದೆ. ಅಪ್ಪ ಹೇಳಿಕಳಿಸಿದರೆ ಗುರುವಾರ ಇವನು ಬರುತ್ತಿದ್ದ. ನಾಲ್ಕನೇ ಸಲ ಬಂದಾಗ ಗಡಿಯಾರದ ಬಾಗಿಲು ಮುಚ್ಚುತ್ತ, ಗೋಡೆಗೆ ಹೇಳುವವನಂತೆ ಹೇಳಿದ:

"ಗಡಿಯಾರ ಬರೋಬರ್ ಅದರಿ. ನಿಲ್ಲಸೋರು ಯಾರಂತ ನೋಡಬೇಕು."

"ಸಿಕ್ಕರ ಏನ್ ಮಾಡ್ತೀರಿ?"

"ಕೈ ಹಿಡೀತೀನಿ."

ಅಪ್ಪನ ಹತ್ತಿರ ತಾನೇ ಮಾತಾಡುತ್ತೇನೆ ಅಂತಲೂ ಹೇಳಿ ಹೋದ. ಆದರೆ ಮರುವಾರ ಗಡಿಯಾರ ನಿಂತಾಗ ಅಪ್ಪ, "ನಿಂತರ ನಿಲ್ಲಲಿ. ಹೊತ್ತು ನೋಡಾಕ ಸೂರ್ಯ ಅದಾನ," ಅಂದುಬಿಟ್ಟ. ಇವನ ಬರವು ನಿಂತಿತು. ಅದರ ಹಿಂದೆಯೇ ಅತ್ತೆಯ ಬಾಯಿಂದ ಸುದ್ದಿ ಬಂತು. ಚಿಂಚೋಳಿಯಲ್ಲಿ ಒಂದು ಮನೆತನವಿದೆ, ಕಿರಾಣಿ ಅಂಗಡಿಯವರು, ಮೂರು ವಾರ ಬಿಟ್ಟು ಸೋಮವಾರ ನನ್ನನ್ನು ನೋಡಲು ಬರುತ್ತಾರೆ, ಅಪ್ಪನೇ ಹೇಳಿದ್ದು. ಮದುವೆಗೊಂದು ಕಬ್ಬಿಣದ ಟ್ರಂಕು ಬೇಕಂತ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ವಾಡಿಗೆ, ಟ್ರಂಕಿದ್ದ ಇವನ ಅಂಗಡಿಗೇ, ತಿರುಗಿದ್ದೇ ತಿರುಗಿದ್ದು. ಇದು ಮೂರನೆಯ ಶನಿವಾರ. ನಾಡಿದ್ದೇ ಆ ಸೋಮವಾರ.

ಇವತ್ತು ಇವನು ಬಾಯಿ ಬಿಡದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಬಾಯಿ ಬಿಡು ಅಂತ ಹೇಳಲು ನನಗೆ ಬೇಕಿದ್ದದ್ದು ಎರಡೇ ಎರಡು ನಿಮಿಷ.

ಆ ಎರಡು ನಿಮಿಷ ಸಿಗಬೇಕಲ್ಲ. ಅಪ್ಪ ಟ್ರಂಕನ್ನು ಬಿಟ್ಟು ಒಂದು ಮುರುಕು ಕುರ್ಚಿಯ ದರ ಕೇಳಿ, ಮುಖ ಕಿವುಚಿ, ಚಹಾ ಕುಡಿಯಲು ಹೋದ. ಈಗ ಸಿಕ್ಕಿತು ಅಂದುಕೊಂಡೆ. ಅವ್ವ ನನ್ನ ರಟ್ಟೆ ಹಿಡಿದು ಶ್ಯಾವಿಗೆ ಮಣೆ ನೋಡಲು ಎಳೆದುಕೊಂಡು ಹೋದಳು. ಅದರಿಂದ ಬಿಡಿಸಿಕೊಂಡು ಬಂದರೆ ಅತ್ತೆ ಒಂದು ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಇದರಾಗ ಮಾರಿ ಸೊಟ್ಟ ಕಾಣತದೇನು ನೋಡು," ಅಂದಳು. ಸೊಟ್ಟ ಕಂಡಿತು. ಆ ಹೊತ್ತಿಗೆ ಯಾವ ಕನ್ನಡಿಯಲ್ಲಿ ನೋಡಿದರೂ ಹಾಗೇ ಕಾಣುತ್ತಿತ್ತು.

ಮಧ್ಯಾಹ್ನ ಬಂಡಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ನಾನು ನನ್ನ ರೊಟ್ಟಿಯನ್ನು ಹಾಗೇ ಎತ್ತಿಟ್ಟೆ. ಇದುವರೆಗೆ ನಾಲ್ಕು ಜನ ಸೇರಿ ಕೊಂಡದ್ದು ಒಂದು ಹಿಡಿಯಿಲ್ಲದ ಸೌಟು.

ಊಟವಾದ ಮೇಲೆ ನಾಗೇಂದ್ರಪ್ಪನ ಪಕ್ಕದ ಜೈತುನ್‌ಬೀಯ ಹತ್ತಿರ ಅವ್ವ, ಅತ್ತೆ ಇಬ್ಬರೂ ಕಂದೀಲು ನೋಡಲು ಕೂತರು. ಅವ್ವನಿಗೆ ದೊಡ್ಡದು ಬೇಕು, ಅತ್ತೆಗೆ ಸಣ್ಣದು ಸಾಕು. ಜಗಳ ಚೆನ್ನಾಗಿ ಹತ್ತಿಕೊಂಡಿತು. ನಾನು ಮೆಲ್ಲಗೆ ಸರಿದು ಬಂದು ಮತ್ತೆ ಅದೇ ರಾಟೆಯ ಮುಂದೆ ನಿಂತೆ.

"ರಾಟಿ ಬೇಕೇನ್ರಿ?" ನಾಗೇಂದ್ರಪ್ಪನ ದನಿ ಗಡುಸಾಗಿತ್ತು. "ಮೂರು ಶನಿವಾರದಿಂದ ಅದನ್ನ ನೋಡಲಿಕತ್ತೀರಿ. ಮನುಷ್ಯಾರ ಮಾರಿ ಮಾತ್ರ ನೋಡಂಗಿಲ್ಲ."

"ನೀವು ಅಪ್ಪಗ ಮಾತಾಡ್ತೀನಿ ಅಂದಿದ್ರಿ."

"ಯಾವ ಧೈರ್ಯದ ಮ್ಯಾಲೆ ಮಾತಾಡ್ಲಿ? ಚಿಂಚೋಳಿಯವರು ಬರೋದು ನಿಮ್ಮ ಅತ್ತಿ ಬಜಾರಕ್ಕೆಲ್ಲ ಹೇಳ್ಯಾರ. ನೀವು ನೋಡಿದ್ರ ನನ್ನ ಗುರುತೇ ಇಲ್ಲದಂಗ ನಿಂದರ್ತೀರಿ. ಮನಸ್ಸು ಬದಲಾಗಿದ್ರ ಹೇಳಿಬಿಡ್ರಿ, ನಾನೂ ಸುಮ್ಮಾಗ್ತೀನಿ."

ಅಯ್ಯೋ ದೇವರೆ ಅನ್ನಿಸಿತು. ಇವನಿಗೆ ನಮ್ಮ ಮನೆಯ ಪದ್ಧತಿ ಗೊತ್ತಿಲ್ಲ. ನಾನು ನೋಡದಷ್ಟೂ ನನಗೆ ಬೇಕು ಅಂತ ಅರ್ಥ, ಇವನು ಅದನ್ನು ಪೂರಾ ತಿರುವಿಕೊಂಡು ಕೂತಿದ್ದಾನೆ.

"ಹಂಗಲ್ರಿ. ನಮ್ಮ ಮನ್ಯಾಗ..."

"ಗುರುದೇವಿ!" ಅತ್ತೆ ಕೂಗಿದಳು. "ಬಾ ಇಲ್ಲಿ. ಯಾವ ಕಂದೀಲು ಛಲೋ ಅದ, ನೀ ಹೇಳು."

ಹೋದೆ. ಎರಡೂ ಕಂದೀಲನ್ನು ಎತ್ತಿ ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂದಿತ್ತು. ಜೈತುನ್‌ಬೀ ನನ್ನ ಮುಖ ನೋಡಿ, ಗಾಜುಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

ಹೊತ್ತು ಇಳಿಯುವಾಗ ಅಪ್ಪ ಕೊನೆಗೂ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲು ತೆಗೆದು ತನ್ನ ಕೈ, ನಾಗೇಂದ್ರಪ್ಪನ ಕೈ ಎರಡರ ಮೇಲೂ ಹೊದಿಸಿದ. ದನದ ಬಜಾರದ ರೀತಿ ಅದು. ಬಾಯಲ್ಲಿ ದರ ಹೇಳುವುದಿಲ್ಲ. ಟವೆಲಿನ ಕೆಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ರೂಪಾಯಿ. ಆಗ ನಮ್ಮಲ್ಲಿ ನಿಜಾಮರ ಹಾಲಿ ರೂಪಾಯಿಯೂ ಓಡುತ್ತಿತ್ತು, ಹಿಂದುಸ್ತಾನದ ಕಲ್ದಾರವೂ ಓಡುತ್ತಿತ್ತು. ಹಾಗಾಗಿ ಬೆರಳು ಹಿಡಿದ ಮೇಲೆ ಅದೊಂದನ್ನು ಮಾತ್ರ ಬಾಯಿಬಿಟ್ಟು ಕೇಳಬೇಕಿತ್ತು.

"ಹಾಲಿನ್ರಿ, ಕಲ್ದಾರನ್ರಿ?" ಅಂದ ನಾಗೇಂದ್ರಪ್ಪ.

"ಹಾಲಿ."

"ಆಯ್ತ್ರಿ ಕಾಕಾ. ಒಯ್ರಿ."

ಅಪ್ಪ ಬೆಚ್ಚಿದ. ಮೊದಲ ದರಕ್ಕೇ ಯಾರೂ ಒಪ್ಪುವುದಿಲ್ಲ. ಕನಿಷ್ಠ ಅರ್ಧ ತಾಸು ಜಗ್ಗಾಡಲು ಗಂಟಲು ಸರಿಮಾಡಿಕೊಂಡು ಕೂತಿದ್ದವನಿಗೆ ಎದುರಿನವನು ಜಗ್ಗದೇ ಹಗ್ಗ ಬಿಟ್ಟಂತಾಯಿತು.

"ಯಾಕೋ ತಮ್ಮಾ? ಕೀಲಿ ಹತ್ತಂಗಿಲ್ಲೇನು? ತಳ ತೂತಾಗ್ಯದೇನು?"

"ಏನೂ ಆಗಿಲ್ರಿ. ನನಗ ಇದನ್ನ ನೋಡಿ ನೋಡಿ ಸಾಕಾಗ್ಯದ. ಮೂರು ವಾರದಾಗ ಆರು ಮಂದಿ ಕೇಳಿದ್ರು, ಕೊಡಲಿಲ್ಲ. ಇನ್ನ ಒಯ್ರಿ."

ಆರು ಜನಕ್ಕೆ ಕೊಡದೆ ಇಟ್ಟುಕೊಂಡದ್ದು ಯಾಕೆ ಅಂತ ನನಗೆ ತಿಳಿಯಿತು. ಟ್ರಂಕು ಹೋದರೆ ನಾವು ಮತ್ತೆ ಬರುವುದಿಲ್ಲವಲ್ಲ. ಈಗ ಅದನ್ನೂ ಕೈಬಿಟ್ಟ. ನನಗೆ ಅಳು ಬಂತು, ಅಳುವುದಕ್ಕೂ ರಾಟೆಯ ಕಡೆಯೇ ತಿರುಗಬೇಕಾಯಿತು.

"ಹೆಸರು ಪುಕಟ ಬರದು ಕೊಡಬೇಕು ಮತ್ತ," ಅಂದ ಅಪ್ಪ, ಏನಾದರೂ ಗೆಲ್ಲಲೇಬೇಕಲ್ಲ ಅಂತ.

ರೈಲಿನಲ್ಲಿ ಓಡಾಡುವ ಟ್ರಂಕಿಗೆ ಮಾಲೀಕರ ಹೆಸರು, ಊರು ಬರೆಸುವುದು ವಾಡಿಯ ಪದ್ಧತಿ. ಮುಚ್ಚಳದ ಮೇಲೆ ಯಾರೋ ಗಾರ್ಡ್ ಸಾಹೇಬರ ಹೆಸರಿದ್ದ ಜಾಗವನ್ನು ನಾಗೇಂದ್ರಪ್ಪ ಮೊದಲೇ ಉಜ್ಜಿ ಸ್ವಚ್ಛ ಮಾಡಿದ್ದ. ಬಿಳಿ ಬಣ್ಣದ ಡಬ್ಬಿ ತೆಗೆದು, ಬಗ್ಗಿ ಕೂತು ಬರೆಯತೊಡಗಿದ. ನನ್ನ ಹೆಸರನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದೊಂದು ಅಕ್ಷರವನ್ನೂ ನಿಧಾನಕ್ಕೆ, ಮುಗಿಯಲೇಬಾರದು ಅನ್ನುವಂತೆ ಬರೆದ. ಗುರುದೇವಿ ಅಂತ ಆಯಿತು. ಕುಂಚ ನಿಂತಿತು.

"ಊರು?"

"ಮದುವಿ ಟ್ರಂಕಿಗಿ ಗಂಡನ ಊರು ಬರೀಬೇಕು," ಅಂದಳು ಅತ್ತೆ. "ಚಿಂಚೋಳಿ ಅಂತ ಬರಿ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಮುರುಕು ಕುರ್ಚಿಯನ್ನು ನೋಡುತ್ತಿದ್ದ.

ನಾಗೇಂದ್ರಪ್ಪ ಕುಂಚವನ್ನು ಡಬ್ಬಿಯಲ್ಲಿ ಅದ್ದಿದ. ಒಂದು ಹನಿ ಗೋಣಿಯ ಮೇಲೆ ಬಿತ್ತು. ಬರೆಯದೆ ತಲೆಯೆತ್ತಿದ.

"ಟ್ರಂಕು ನಿಮ್ಮದು. ನೀವ ಹೇಳ್ರಿ. ಯಾವ ಊರು ಬರೀಲಿ?"

ಸಾಕಾಗಿತ್ತು ನನಗೆ. ರಾಟೆ, ಕುರ್ಚಿ, ಕನ್ನಡಿ, ಕಂದೀಲು, ಬೇಡವಾದದ್ದನ್ನೆಲ್ಲ ನೋಡಿ ಕಣ್ಣು ಸೋತು ಹೋಗಿತ್ತು. ಇಪ್ಪತ್ತು ವರ್ಷದಲ್ಲಿ ಹಸಿರು ಬಳೆಯ ನಂತರ ಎರಡನೇ ಸಲ ನಾನು ನನಗೆ ಬೇಕಾದದ್ದನ್ನು ನೇರವಾಗಿ ನೋಡಿದೆ. ಎಲ್ಲರ ಎದುರಿಗೆ, ಹುಬ್ಬಿನಿಂದ ಗದ್ದದವರೆಗೆ, ರೆಪ್ಪೆ ಬಡಿಯದೆ ನೋಡಿದೆ.

"ನಾಲವಾರ," ಅಂದೆ.

ನಾಗೇಂದ್ರಪ್ಪ ಕುಂಚ ಹಿಡಿದುಕೊಂಡೇ ಕೂತಿದ್ದ. ಅವನ ಮುಖದಲ್ಲಿ ಬೆಳಗ್ಗೆ ಅರ್ಧಕ್ಕೆ ನಿಂತ ನಗು ಉಳಿದರ್ಧ ಮುಗಿಸಿತು.

"ನಾಲವಾರದಾಗ ನಮ್ಮವರು ಯಾರದಾರ?" ಅತ್ತೆ ಅವ್ವನನ್ನು ಕೇಳಿದಳು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಬೇರೆ ಕಡೆ ನೋಡಿದಳು.

ಅಪ್ಪ ಹಣೆ ಹಣೆ ಬಡಿದುಕೊಂಡ. "ಕೆಡಿಸಿದಿ. ಮೂರು ಶನಿವಾರದ ವ್ಯಾಪಾರ ಒಂದು ಮಾತಿನ್ಯಾಗ ಕೆಡಿಸಿದಿ."

"ಟ್ರಂಕಿನ ವ್ಯಾಪಾರ ಮುಗೀತಲ್ಲಪ್ಪ," ಅಂದೆ ಹೆದರಿಕೊಂಡು.

"ಟ್ರಂಕು ಯಾರಿಗಿ ಬೇಕಾಗಿತ್ತು? ಮನ್ಯಾಗ ಎರಡು ಟ್ರಂಕು ಖಾಲಿ ಬಿದ್ದಾವ." ಅಪ್ಪ ದನಿ ತಗ್ಗಿಸಿದ. "ಗಡಿಯಾರದ ಗುಂಡು ತಾನಾಗೇ ನಿಲ್ಲತದೇನು? ಅದೂ ಬುಧವಾರಕ್ಕೊಮ್ಮೆ? ಹೆಣ್ಣಿನ ಕಡಿಯವರು ಮೊದಲು ಬಾಯಿ ಬಿಟ್ಟರ ಕಿಮ್ಮತ್ತು ಹೋಗತದಂತ ಸುಮ್ಮಿದ್ದೆ. ಹುಡುಗ ತಾನ ಕೇಳಲಿ, ಅಲ್ಲೀತನ ಅವನ ನಡತಿನೂ ನೋಡೋಣ ಅಂತಿದ್ದೆ. ಮೂರು ವಾರ ಕುರ್ಚಿ ನೋಡ್ಕೋತ ಅವನ್ನ ನೋಡೀನಿ."

"ಮತ್ತ ಚಿಂಚೋಳಿಯವರು?" ಅತ್ತೆಯ ದನಿ ಏರಿತು.

"ಅವರಿಗಿ ಬರ್ರಿ ಅಂತ ನಾ ಎಲ್ಲಿ ಹೇಳೀನಿ? ನಿನ್ನ ಮುಂದ ಹೇಳೀನಿ, ಅಷ್ಟ. ನಿನ್ನ ಮುಂದ ಹೇಳಿದ್ರ ಈ ಹುಡುಗನ ಕಿವಿಗಿ ಬೀಳತದಂತ ಗೊತ್ತಿತ್ತು."

ನಾನು ಕಂಬಳಿಯಡಿ ಅತ್ತ ರಾತ್ರಿಗಳು, ಉಣ್ಣದೆ ಎತ್ತಿಟ್ಟ ರೊಟ್ಟಿಗಳು ಎಲ್ಲ ಅಪ್ಪನ ಒಂದು ಮುರುಕು ಕುರ್ಚಿಗೆ ಬಲಿಯಾಗಿದ್ದವು. ಜಗಳ ಮಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಮತ್ತೆ ಟವೆಲು ಬಿಚ್ಚಿದ.

"ಕೈ ತಾ," ಅಂದ ನಾಗೇಂದ್ರಪ್ಪನಿಗೆ.

ಟವೆಲು ಎರಡೂ ಕೈ ಮೇಲೆ ಬಿತ್ತು. ಈ ಸಲ ಬಟ್ಟೆಯ ಕೆಳಗೆ ಬೆರಳುಗಳ ಓಡಾಟ ಕಾಣಲಿಲ್ಲ. ಅಪ್ಪನ ಕೈ ಒಮ್ಮೆ ಹಿಡಿದದ್ದು ಹಿಡಿದೇ ಇತ್ತು. ನಾಗೇಂದ್ರಪ್ಪ ಗಲಿಬಿಲಿಗೊಂಡು ಅಪ್ಪನ ಮುಖ ನೋಡಿದ.

"ಐದೂ ಬೆರಳು ಹಿಡದೀರಿ ಕಾಕಾ. ಹಾಲಿನ್ರಿ, ಕಲ್ದಾರನ್ರಿ?"

"ಎರಡೂ ಅಲ್ಲ," ಅಂದ ಅಪ್ಪ. "ಸೋಮವಾರ ನಿಮ್ಮ ಅಜ್ಜಿನ್ನ ಕರಕೊಂಡು ಮನೀಗಿ ಬಾ."

ನಾಗೇಂದ್ರಪ್ಪ ಬಗ್ಗಿ ಅಪ್ಪನ ಪಾದ ಮುಟ್ಟಿದ. ಏಳುವಾಗ ಬಣ್ಣದ ಡಬ್ಬಿಗೆ ಮೊಣಕೈ ತಾಗಿ ಉರುಳಿತು. ಜೈತುನ್‌ಬೀ, "ಸಾವಕಾಶ ಬೇಟಾ, ಹುಡುಗಿ ಎಲ್ಲಿಗೂ ಓಡಂಗಿಲ್ಲ," ಅಂತ ನಕ್ಕಳು. ಉಳಿದ ಬಣ್ಣದಲ್ಲೇ ಅವನು ಊರಿನ ಹೆಸರು ಬರೆದ. ನನ್ನ ಹೆಸರಿನಷ್ಟು ನಿಧಾನ ಮಾಡಲಿಲ್ಲ.

ಟ್ರಂಕನ್ನು ಬಂಡಿಯಲ್ಲಿ ಇಡುವಾಗ ಅವನು ನನ್ನ ಪಕ್ಕ ಬಂದ. "ಮತ್ತ ರಾಟಿ?" ಅಂದ ಮೆಲ್ಲಗೆ.

"ಅದು ನನಗ ಎಂದೂ ಬೇಕಾಗಿರಲಿಲ್ರಿ."

"ಈಗ ತಿಳೀತು."

ಬಂಡಿ ರಾವೂರಿನ ದಾರಿ ಹಿಡಿಯಿತು. ನಾನು ಹಸಿ ಬಣ್ಣಕ್ಕೆ ಸೆರಗು ತಾಗದಂತೆ ಟ್ರಂಕಿನ ಪಕ್ಕ ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಬೇವಿನ ಮರದ ಕೆಳಗೆ ನಾಗೇಂದ್ರಪ್ಪ ನಿಂತೇ ಇದ್ದ. ಅವನನ್ನೇ ನೋಡುತ್ತಿದ್ದೆ.

"ಮುಂದ ನೋಡಿ ಕುಂದ್ರು ಗುರುದೇವಿ," ಅತ್ತೆ ಗದರಿದಳು. "ಹಂಗ ನೋಡಬಾರದು."

ಅಪ್ಪ ಎತ್ತಿನ ಬೆನ್ನು ತಟ್ಟಿದ. "ನೋಡಲಿ ಬಿಡು," ಅಂದ. "ವ್ಯಾಪಾರ ಮುಗದದ."