ಟ್ರೇ ತೂಗಿದ ಕೈ

ಮಾದಾಪುರದಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ಕಾಲ. ಐವತ್ತರ ಹತ್ತಿರವಿದ್ದ ನಾನು ಹಿಮಾಯತ್‌ನಗರದ ಸಂಜೆ ಫೋಟೊಗ್ರಫಿ ತರಗತಿಗೆ ಸೇರಿದ್ದೆ. ಹಂಪಯ್ಯ ಸರ್ ನಮಗೆ ನೋಡುವುದನ್ನೇ ಹೊಸದಾಗಿ ಕಲಿಸಿದರು. ಆದರೂ ನನ್ನ ಪ್ರಿಂಟುಗಳು ಮಸುಕಾಗಿಯೇ ಬರುತ್ತಿದ್ದವು, ಬಿಟ್ಟುಬಿಡೋಣ ಎಂದುಕೊಂಡಿದ್ದೆ.

ಅಂದು ಡಾರ್ಕ್‌ರೂಮಿನಲ್ಲಿ ಒಬ್ಬಳೇ, ಕಟ್ಟಡ ಕೆಲಸದ ಗದಿಗೆಮ್ಮನ ಚಿತ್ರ ತೊಳೆಯುತ್ತಿದ್ದೆ. ಯಾರೋ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದು, ಚಿತ್ರ ಮುಳುಗಿದ್ದ ದ್ರಾವಣದ ಟ್ರೇಯನ್ನು ತೊಟ್ಟಿಲಿನಂತೆ ನಿಧಾನವಾಗಿ ತೂಗಿಸಿದರು. ಆ ಕಡುಬೇಸಿಗೆಯಲ್ಲೂ ಬೆರಳುಗಳು ಮಂಜುಗಡ್ಡೆಯಂತಿದ್ದವು. ಸರ್ ಇರಬೇಕೆಂದುಕೊಂಡೆ. ಕೆಂಪು ದೀಪದಡಿ ಗದಿಗೆಮ್ಮನ ನಗು ಗೆರೆಗೆರೆಯಾಗಿ ಮೂಡಿತು. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಎಂದೂ ಆಗಿರಲಿಲ್ಲ. ತಿರುಗಿದರೆ ಯಾರೂ ಇರಲಿಲ್ಲ.

ಹೊರಗೆ ಸರ್ ಚಹಾ ಕುಡಿಯುತ್ತಿದ್ದರು. ಪ್ರಿಂಟನ್ನು ಬಹಳ ಹೊತ್ತು ನೋಡಿದರು.

“ಭಾಳ ಚಂದ ಬಂದೈತ್ರಿ,” ಎಂದರು. ಆಮೇಲೆ ಮೆಲ್ಲಗೆ ಕೇಳಿದರು, “ಕೈ ಭಾಳ ತಣ್ಣಗಿತ್ತೇನ್ರಿ ಅಕ್ಕಾರ?”

ಕೈಯ ವಿಷಯ ನಾನಿನ್ನೂ ಹೇಳಿರಲೇ ಇಲ್ಲ.